‘ಆ’ ಅಂದರೆ ಎಷ್ಟು?

ಕುಂಬಳಕಾಯಿ ಮನೆಗೆ ಬಂದದ್ದು ಮಂಗಳವಾರ. ಶುಕ್ರವಾರದ ಹೊತ್ತಿಗೆ ಅದರ ಹೆಸರೆತ್ತಿದರೆ ಜಗಳವಾಗುವ ಸ್ಥಿತಿ. ಮೊದಲ ದಿನ ಬೇಯಿಸಿದರು, ಎರಡನೆಯ ದಿನ ಹುರಿದರು, ಮೂರನೆಯ ದಿನ ಬೇಳೆಯೊಳಗೆ ಮುಳುಗಿಸಿ ಬಚ್ಚಿಟ್ಟರು. ಆದರೂ ಅಡುಗೆಮನೆಯ ಮೂಲೆಯಲ್ಲಿ ಅರ್ಧ ಕಾಯಿ ಹಾಗೇ ಕೂತಿತ್ತು, ಎದ್ದು ಹೋಗಲು ಮನಸ್ಸಿಲ್ಲದ ನೆಂಟನ ಹಾಗೆ.

“ಇವತ್ತೂ ಅದೇನಾ?” ಮಗಳು ತಟ್ಟೆ ನೋಡಿ ಮುಖ ಕಿವುಚಿದಳು. ಚಪ್ಪಲಿ ಅಂಗಡಿಯಲ್ಲಿ ದಿನವಿಡೀ ಬೇರೆಯವರ ಪಾದ ಹಿಡಿದು ಬಂದವಳು. ಹಸಿವೂ ಇತ್ತು, ಸಿಟ್ಟೂ ಇತ್ತು.

“ನಿಮ್ಮಪ್ಪನ ಸಂಪಾದನೆ ಕಣೇ. ಭಕ್ತಿಯಿಂದ ತಿನ್ನು,” ಅಂದಳು ತಾಯಿ.

ಅಪ್ಪ ಅಂದರೆ ಫಿಟ್ಟರ್. ಬೀದಿಗೆಲ್ಲ ಫಿಟ್ಟರಣ್ಣ. ನೀರೆತ್ತುವ ಪಂಪು ಮಾಡುವ ಕಾರ್ಖಾನೆಯಲ್ಲಿ ಇಪ್ಪತ್ತಮೂರು ವರ್ಷ ದುಡಿದವನು. ಕಾರ್ಖಾನೆ ಬಾಗಿಲು ಹಾಕಿ ಏಳು ತಿಂಗಳಾಗಿತ್ತು. ಅದು ಅವನಿಗೆ ಬಿಟ್ಟುಹೋದದ್ದು ಎರಡೇ: ಯಾವ ಯಂತ್ರದ ಕಾಯಿಲೆಯನ್ನಾದರೂ ಸದ್ದಿನಿಂದಲೇ ಹೇಳುವ ವಿದ್ಯೆ, ಮತ್ತು ಮನುಷ್ಯರ ಮಾತು ಮಾತ್ರ ಸರಿಯಾಗಿ ಹತ್ತದ ಕಿವಿ. ಯಾರು ಏನಂದರೂ ಅವನ ಮೊದಲ ಉತ್ತರ “ಆ?” ಎಂದೇ. ಅದು ಎಷ್ಟು ಅಭ್ಯಾಸವಾಗಿತ್ತೆಂದರೆ, ಚೆನ್ನಾಗಿ ಕೇಳಿಸಿದಾಗಲೂ “ಆ?” ಅನ್ನುತ್ತಿದ್ದ. “ಕಿವುಡಲ್ಲ ಅದು, ಉಪಾಯ. ಅಷ್ಟು ಹೊತ್ತಲ್ಲಿ ಸುಳ್ಳು ಹುಡುಕ್ಕೋತಾರೆ,” ಎಂದು ಹೆಂಡತಿ ಹೇಳುವುದಿತ್ತು.

ಕೆಲಸ ಹೋದರೂ ಅವನು ಸುಮ್ಮನೆ ಕೂತವನಲ್ಲ, ಅದೇ ಹೆಂಡತಿಯ ಸಂಕಟ. ಬೆಳಗ್ಗೆ ಎದ್ದರೆ ನಟ್ಟು ಬಿಚ್ಚುವ ಪಾನಾ ಹಿಡಿದು ಹೊರಟ. ಇವರ ಮನೆ ಮೋಟಾರು, ಅವರ ಮನೆ ಫ್ಯಾನು, ಮೂಲೆಮನೆಯ ಮುದುಕಿಯ ಹೊಲಿಗೆ ಮಿಷನ್ನು. ದುಡ್ಡು ಕೊಡಬಂದರೆ ಕೈ ಆಡಿಸಿಬಿಡುತ್ತಿದ್ದ. “ಅಕ್ಕಪಕ್ಕದೋರ ಹತ್ರ ಏನ್ ದುಡ್ಡು!” ಹಾಗೆ ಕೈ ಆಡಿಸಿದ್ದರಿಂದಲೇ ಕುಂಬಳಕಾಯಿ ಬಂದಿತ್ತು.

ಇತ್ತ ಹೆಂಡತಿ ಕೆಲಸ ಮಾಡುತ್ತಿದ್ದ ಲಾಂಡ್ರಿಯಲ್ಲಿ ಮಿಷನ್ ನೋಡಿಕೊಳ್ಳುವವನು ಬಿಟ್ಟುಹೋಗಿದ್ದ. ಆಸ್ಪತ್ರೆ, ಹೋಟೆಲುಗಳ ಹಾಸಿಗೆ ಬಟ್ಟೆಗಳನ್ನೆಲ್ಲ ಒಗೆಯುವ ದೊಡ್ಡ ಲಾಂಡ್ರಿ ಅದು. ಬಟ್ಟೆ ಹಿಂಡುವ ಮಿಷನ್ ಕೆಟ್ಟು ಕೂತಿತ್ತು. ನೀರು ಕುಡಿದ ಚಾದರವೆಂದರೆ ಹೆಣದ ಭಾರ. ಹೆಂಗಸರು ಇಬ್ಬಿಬ್ಬರಾಗಿ ಎರಡು ತುದಿ ಹಿಡಿದು ಕೈಯಲ್ಲೇ ಹಿಂಡುತ್ತಿದ್ದರು. ಪಾಳಿಯ ಮೇಲ್ವಿಚಾರಣೆ ಇವಳದೇ ಆದರೂ ಆಳು ಸಾಲದೆ ಇವಳೂ ಹಿಂಡುತ್ತಿದ್ದಳು. ಬಲಭುಜ ಹಿಡಿದುಕೊಂಡಿತ್ತು. ಮಾಲೀಕ ಹೇಳಿದ್ದ: “ನಿಮ್ಮ ಯಜಮಾನ್ರು ಬರ್ತಾರಾ? ಹನ್ನೊಂದು ಸಾವಿರ ಕೊಡ್ತೀನಿ. ತಿಂಗಳ ಕೊನೆವರೆಗೆ ಕಾಯ್ತೀನಿ.”

ಫಿಟ್ಟರನ ಹಳೇ ಸಂಬಳ ಇಪ್ಪತ್ತೆರಡು ಸಾವಿರ. ಲಾಂಡ್ರಿಯಲ್ಲಿ ಹೆಂಡತಿಯ ಸಂಬಳ ಹದಿಮೂರು. ಅಂದರೆ ಅರ್ಧ ಸಂಬಳಕ್ಕೆ, ಹೆಂಡತಿಯ ಕೈಕೆಳಗೆ, ಹೆಂಡತಿಗಿಂತ ಎರಡು ಸಾವಿರ ಕಮ್ಮಿಗೆ ನಿಲ್ಲಬೇಕು. ಅವನು “ಆ?” ಅಂದು ಎದ್ದುಹೋಗಿದ್ದ. ಈ ಸಲ ಅದು ಉಪಾಯವೇ.

ಸರ್ವೆಯ ಹುಡುಗಿ ಬಂದದ್ದು ಆ ಶುಕ್ರವಾರ, ತಟ್ಟೆ ಮುಂದಿದ್ದಾಗಲೇ. ಕೊರಳಲ್ಲಿ ಗುರುತಿನ ಕಾರ್ಡು, ಕೈಯಲ್ಲಿ ಟ್ಯಾಬು, ಕಂಕುಳಲ್ಲಿ ಕೊಡೆ. ಜನರ ಕೆಲಸ, ಸಂಬಳ, ನಿರುದ್ಯೋಗ ಇವುಗಳ ಬಗ್ಗೆ ಒಂದು ಸಂಸ್ಥೆ ಅಧ್ಯಯನ ಮಾಡುತ್ತಿದೆ, ಬೀದಿಗೆ ಎರಡು ಮನೆ ಚೀಟಿ ಎತ್ತಿ ಆರಿಸಿದ್ದಾರೆ, ಈ ಮನೆ ಬಂದಿದೆ, ಎರಡು ವಾರಕ್ಕೊಮ್ಮೆ ಒಟ್ಟು ಮೂರು ಸಲ ಬರುತ್ತೇನೆ ಎಂದು ಒಂದೇ ಉಸಿರಿನಲ್ಲಿ ಒಪ್ಪಿಸಿದಳು.

“ಚೀಟಿ ಬಂದಿದ್ದಕ್ಕೆ ಬಹುಮಾನ ಏನು?” ಫಿಟ್ಟರನ ತಾಯಿ, ಅಜ್ಜಿ, ಮಂಚದ ಮೇಲಿಂದ ಕೇಳಿದಳು.

“ಬಹುಮಾನ ಇಲ್ಲ ಅಜ್ಜಿ. ಪ್ರಶ್ನೆ ಅಷ್ಟೇ.”

“ಒಳ್ಳೇ ಅದೃಷ್ಟ! ನಿನಗೆಷ್ಟು ಸಂಬಳ?”

“ಅಯ್ಯೋ, ಅದು ಹೇಳೋ ಹಾಗಿಲ್ಲ.”

“ನಾವು ಬಿಚ್ಚಿ ಹೇಳ್ಬೇಕು, ನೀನು ಮುಚ್ಚಿಟ್ಕೋತೀಯಾ?”

ಹುಡುಗಿ ಸೋತಳು. “ಫಾರ್ಮಿಗೆ ಇಷ್ಟು ಅಂತ ಅಜ್ಜಿ. ತಪ್ಪಾದ ಫಾರ್ಮಿಗೆ ಏನೂ ಇಲ್ಲ. ಸರ್ವೆ ಮುಗಿದ್ರೆ ನನ್ನ ಕೆಲಸಾನೂ ಮುಗೀತು.”

“ಪೀಸ್ ರೇಟು!” ಅಜ್ಜಿಯ ಮುಖ ಅರಳಿತು. ನೂಲಿನ ಗಿರಣಿಯಲ್ಲಿ ಮೂವತ್ತು ವರ್ಷ ಬಾಬಿನು ಸುತ್ತಿದವಳು. “ನಮಗೂ ಹಂಗೇ ಇತ್ತು. ಎಳೆ ಕಡಿದ ಬಾಬಿನಿಗೆ ಕಾಸಿಲ್ಲ. ಕೂತ್ಕೋ ತಾಯಿ. ಲೇ, ಇವಳಿಗೊಂದು ಚಹಾ ಕೊಡ್ರೇ.”

ಹುಡುಗಿ ಫಿಟ್ಟರನ ಕಡೆ ತಿರುಗಿ ಟ್ಯಾಬು ನೋಡಿ ಓದಿದಳು: “ಕಳೆದ ಏಳು ದಿನಗಳಲ್ಲಿ ನೀವು ಹಣಕ್ಕಾಗಿ ಅಥವಾ ವಸ್ತು ರೂಪದ ಪ್ರತಿಫಲಕ್ಕಾಗಿ ಕನಿಷ್ಠ ಒಂದು ಗಂಟೆಯಾದರೂ ಕೆಲಸ ಮಾಡಿದ್ದೀರಾ?”

“ಆ?”

ಮಗಳು ಅವನ ಕಿವಿಯ ಹತ್ತಿರ ಕೂಗಿದಳು. “ಕೆಲಸ ಮಾಡಿದ್ಯಾ ಅಂತೆ ಅಪ್ಪ! ದುಡ್ಡಿಗೋ, ಸಾಮಾನಿಗೋ!”

“ಇಲ್ಲ.”

“ಕುಂಬಳಕಾಯಿ ಬಂತಲ್ಲ!” ಒಲೆಯ ಮುಂದಿನಿಂದ ಹೆಂಡತಿಯ ದನಿ.

ಫಿಟ್ಟರ್ ಥಟ್ಟನೆ ಹೆಗಲು ಒರೆಸಿಕೊಂಡ. ಮಗಳು ಕಿಸಕ್ಕನೆ ನಕ್ಕಳು. “ನೋಡಿ ನೋಡಿ, ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಕೋತಾನೆ!”

“ಯಾಕೆ ಬಂತು ಸರ್ ಕುಂಬಳಕಾಯಿ?” ಹುಡುಗಿಗೆ ನಗುವ ಪುರುಸೊತ್ತಿರಲಿಲ್ಲ. ಪಕ್ಕದ ಮನೆಯ ಮೋಟಾರು ಬಿಚ್ಚಿದ್ದು, ಕಟ್ಟಿದ್ದು, ಒಟ್ಟು ನಾಲ್ಕು ಗಂಟೆ ಹಿಡಿದದ್ದು, ಎಲ್ಲ ಬರೆದುಕೊಂಡಳು. ಟ್ಯಾಬು ಟಿಂಗ್ ಎಂದಿತು. “ಹಾಗಾದ್ರೆ ಸರ್, ನಮ್ಮ ಲೆಕ್ಕದಲ್ಲಿ ನೀವು ಉದ್ಯೋಗದಲ್ಲಿದ್ದೀರಿ.”

“ನಾನು ಹೇಳ್ಲಿಲ್ವಾ!” ಅಜ್ಜಿ ಮಂಚದ ಮೇಲೆ ನೆಟ್ಟಗೆ ಕೂತಳು. “ನನ್ನ ಮಗ ಉದ್ಯೋಗದಲ್ಲಿದ್ದಾನೆ. ಯಂತ್ರಾನೇ ಹೇಳ್ತು.”

ಹೆಂಡತಿ ಸೌಟು ಹಿಡಿದೇ ಹೊರಗೆ ಬಂದಳು. “ಅಲ್ಲ ಮೇಡಂ, ಒಂದು ಕುಂಬಳಕಾಯಿಗೆ ಉದ್ಯೋಗಸ್ಥರಾ? ಹಾಗಿದ್ರೆ ಇನ್ನೊಂದು ಸೋರೆಕಾಯಿ ಬಂದ್ರೆ ಬಡ್ತಿನಾ?”

ಹುಡುಗಿ ಆ ಮಾತನ್ನು ಕೇಳಿಸಿಕೊಳ್ಳದವಳಂತೆ ಒಂದು ದಪ್ಪ ಕಾರ್ಡನ್ನು ಫಿಟ್ಟರನ ಮುಂದಿಟ್ಟಳು. ಎಷ್ಟು ಕನಿಷ್ಠ ಸಂಬಳ ಕೊಟ್ಟರೆ ನೀವು ಹೊಸ ಕೆಲಸಕ್ಕೆ ಒಪ್ಪುತ್ತೀರಿ ಎಂಬುದು ಪ್ರಶ್ನೆ. ಬಾಯಲ್ಲಿ ಮೊತ್ತ ಹೇಳಲು ಜನ ನಾಚುತ್ತಾರೆಂದು ಅಕ್ಷರ ಕೊಟ್ಟಿದ್ದರು. ‘ಅ’ ಅಂದರೆ ಹತ್ತು ಸಾವಿರಕ್ಕಿಂತ ಕಮ್ಮಿ. ಅಲ್ಲಿಂದ ಮೆಟ್ಟಿಲು ಮೆಟ್ಟಿಲಾಗಿ ಏರಿ, ‘ಊ’ ಅಂದರೆ ಇಪ್ಪತ್ತೊಂದಕ್ಕೂ ಮೇಲೆ. ಅಕ್ಷರ ಹೇಳಿದರೆ ಸಾಕು.

“ಊ ಅನ್ನು ಮಗಾ,” ಅಜ್ಜಿ ಅಲ್ಲಿಂದಲೇ ಕಾರ್ಡು ಓದಿದಳು. ಈ ವಯಸ್ಸಿನಲ್ಲೂ ಅವಳ ಕಣ್ಣು ಹದ್ದಿನದು. “ಊ ಅಂದ್ರೆ ಊಟ. ಅದಕ್ಕಿಂತ ಕೆಳಗೆ ಇಳೀಬೇಡ.”

ಫಿಟ್ಟರ್ ತಾಯಿಯನ್ನು ನೋಡಿದ, ಹೆಂಡತಿಯನ್ನು ನೋಡಿದ, ಗೋಡೆ ನೋಡಿ ಹೇಳಿದ: “ಊ.”

ಹೆಂಡತಿ ಒಳಗೆ ಹೋದಳು. ಪಾತ್ರೆಗಳು ಮಾತಾಡತೊಡಗಿದವು.

*

ಮರುದಿನದಿಂದ ಆ ಮನೆಯಲ್ಲಿ ಅಕ್ಷರಮಾಲೆಯಲ್ಲೇ ಜಗಳ.

“ಮೂರು ಕಡೆ ಕರೆದ್ರು, ಮೂರೂ ಕಡೆ ಬೇಡ ಅಂದ್ರಿ,” ಹೆಂಡತಿ ಡಬ್ಬಿಗೆ ಅನ್ನ ತುಂಬುತ್ತ ಅಂದಳು. “ಊ ಅಂತೆ ಊ. ಊ ಕೊಡೋರು ಯಾರು ಕೂತಿದ್ದಾರೆ ಈ ಊರಲ್ಲಿ?”

“ಇಪ್ಪತ್ತಮೂರು ವರ್ಷದ ಅನುಭವ ಕಣೇ.”

“ಅನುಭವ ಒಲೆ ಮೇಲಿಟ್ರೆ ಬೇಯುತ್ತಾ? ಬೀದಿ ಮೋಟಾರೆಲ್ಲಾ ರಿಪೇರಿ ಮಾಡ್ತೀರಿ, ಹೆಂಡ್ತಿ ಕೈ ಮುರೀತಿರೋ ಮಿಷನ್ ಒಂದು ಬಿಟ್ಟು.”

“ಹೋಗಿ ರಿಪೇರಿ ಮಾಡ್ಕೊಟ್ಟು ಬರ್ತೀನಿ ಬೇಕಾದ್ರೆ. ಪುಕ್ಕಟೆ.”

“ಪುಕ್ಕಟೆ!” ಅವಳು ಡಬ್ಬಿಯ ಮುಚ್ಚಳ ಒತ್ತಿದಳು, ಎಡಗೈಯಲ್ಲಿ ಒತ್ತಿದ್ದರಿಂದ ಅದು ಕೂರಲಿಲ್ಲ. “ಪುಕ್ಕಟೆ ಮಾಡಿದ್ರೆ ಮಾನ, ಹನ್ನೊಂದು ಸಾವಿರಕ್ಕೆ ಮಾಡಿದ್ರೆ ಅವಮಾನ. ಇದ್ಯಾವ ಲೆಕ್ಕ ರೀ?”

“ಆ?”

“ಏನಿಲ್ಲ. ಹೋಗಿ, ಯಾರದೋ ಫ್ಯಾನ್ ನಿಂತಿರಬೇಕು.”

ಅಜ್ಜಿ ಮಗನ ಪರ ನಿಂತದ್ದು ಬರೀ ಹೆತ್ತ ಕರುಳಿನಿಂದಲ್ಲ. “ನೀನಿನ್ನೂ ಚಿಕ್ಕವಳು, ನಿನಗೆ ಗೊತ್ತಿಲ್ಲ,” ಎಂದಳು ಸೊಸೆಗೆ, ಸೊಸೆಗೆ ನಲವತ್ತಮೂರಾಗಿದ್ದರೂ. “ನಮ್ಮ ಗಿರಣೀಲಿ ಒಂದು ಸಲ ಬಂದು, ಕಷ್ಟಕಾಲ, ಬಾಬಿನಿಗೆ ಎರಡು ಕಾಸು ಕಮ್ಮಿ ತಗೊಳ್ಳಿ ಅಂದ್ರು. ತಗೊಂಡ್ವಿ. ಕಷ್ಟಕಾಲ ಹೋಯ್ತು, ಎರಡು ಕಾಸು ವಾಪಸ್ ಬರ್ಲೇ ಇಲ್ಲ. ಇಳಿದ ಸಂಬಳ ಬಿದ್ದ ಹಲ್ಲಿದ್ದ ಹಾಗೆ, ಮತ್ತೆ ಹುಟ್ಟಲ್ಲ.”

“ಹಲ್ಲಿಲ್ದೋರೂ ಊಟ ಮಾಡ್ತಾರೆ ಅತ್ತೆ. ನೀವೇ ಮಾಡ್ತಿಲ್ವಾ?”

ಅವತ್ತಿನಿಂದ ಅಜ್ಜಿ ಸೊಸೆಯ ಹತ್ತಿರ ಮಾತು ಬಿಟ್ಟಳು. ಉಪ್ಪು ಬೇಕಾದರೆ ಮೊಮ್ಮಗಳ ಮೂಲಕ ಕೇಳಿಸುತ್ತಿದ್ದಳು.

ಆ ವಾರವೇ ಸೊಸೆಯ ಕೈ ಭುಜಕ್ಕಿಂತ ಮೇಲೇಳದಾಯಿತು. ಬೆಳಗ್ಗೆ ಆರಕ್ಕೆ ಮಗಳು ತಾಯಿಯನ್ನು ಸ್ಟೂಲಿನ ಮೇಲೆ ಕೂರಿಸಿ ತಲೆ ಬಾಚುವುದು ಶುರುವಾಯಿತು.

“ಮೆಲ್ಲಗೆ ಎಳಿಯೇ, ತಲೆ ಅದು, ಚಪ್ಪಲಿ ಬಾರಲ್ಲ.”

“ಅಲ್ಲಾಡ್ಬೇಡ ಅಮ್ಮ. ರಜೆ ಹಾಕು ಎರಡು ದಿನ.”

“ರಜೆ ಹಾಕಿದ್ರೆ ಆ ಎರಡು ದಿನದ ಸಂಬಳ ಯಾರು ಕೊಡ್ತಾರೆ, ಪಕ್ಕದ ಮನೆಯೋರಾ? ಇನ್ನೂ ಒಂದು ಕುಂಬಳಕಾಯಿ ಕೊಡ್ತಾರೆ.”

ಫಿಟ್ಟರ್ ಬಾಗಿಲಲ್ಲಿ ನಿಂತು ಶೂ ಹಾಕಿಕೊಳ್ಳುತ್ತಿದ್ದ. ಕೇಳಿಸಿತೋ ಇಲ್ಲವೋ, ಅಂದು ಮಾತ್ರ “ಆ?” ಅನ್ನಲಿಲ್ಲ. ಒಂದೇ ಶೂವಿನ ದಾರವನ್ನು ಮೂರು ಸಲ ಬಿಚ್ಚಿ ಕಟ್ಟಿದ.

*

ಎರಡನೆಯ ಸಲ ಸರ್ವೆಯ ಹುಡುಗಿ ಬಂದಾಗ ಹೆದರಿದ್ದಳು. ಸಂಬಳದ ಪ್ರಶ್ನೆಯನ್ನು ಮನೆಮಂದಿಯ ಮುಂದೆ ಕೇಳಿದ್ದಕ್ಕೆ ಮೇಲಿನವರು ಬೈದಿದ್ದರಂತೆ. ಒಬ್ಬರೇ ಇರುವಾಗ ಕೇಳಬೇಕು, ಇಲ್ಲದಿದ್ದರೆ ಫಾರ್ಮು ತಿರಸ್ಕಾರ. ಆದರೆ ಆ ಮನೆಯಲ್ಲಿ ಒಬ್ಬರೇ ಇರುವ ಜಾಗವೆಂದರೆ ಬಚ್ಚಲೊಂದೇ. ಇದ್ದ ಎರಡು ಕೋಣೆಯಲ್ಲಿ ಒಂದರಲ್ಲಿ ಅಜ್ಜಿಯ ಮಂಚ, ಇನ್ನೊಂದರಲ್ಲಿ ಒಲೆ.

“ಮೆಟ್ಟಿಲ ಹತ್ರ ಹೋಗೋಣ ಸರ್.”

ಇಬ್ಬರೂ ಮೆಟ್ಟಿಲ ತಿರುವಿನಲ್ಲಿ ನಿಂತರು. ಕೆಳಗೆ ಕಟ್ಟಡದ ನೀರಿನ ಪಂಪು ಬೊಬ್ಬೆ ಹೊಡೆಯುತ್ತಿತ್ತು. ಹುಡುಗಿ ಓದಿದಳು, ಫಿಟ್ಟರ್ ತಲೆ ಓರೆ ಮಾಡಿ ಕೇಳಿದ. ಹುಡುಗಿಯನ್ನಲ್ಲ, ಪಂಪನ್ನು. ಸದ್ದಿನಲ್ಲೊಂದು ಕರಕರ ಇತ್ತು, ನಿನ್ನೆ ಇರಲಿಲ್ಲ.

“…ಕನಿಷ್ಠ ಎಷ್ಟು ಸಂಬಳಕ್ಕೆ ಒಪ್ಪುತ್ತೀರಿ? ಅಕ್ಷರ ಹೇಳಿ ಸಾಕು ಸರ್.”

“ಆ?”

“ಆ. ಸರಿ ಸರ್.” ಹುಡುಗಿ ಒತ್ತಿದಳು. ಟಿಂಗ್.

“ಬೇರಿಂಗು ಹೋಗಿದೆ,” ಎಂದ ಫಿಟ್ಟರ್.

“ತುಂಬಾ ಥ್ಯಾಂಕ್ಸ್ ಸರ್,” ಎಂದಳು ಹುಡುಗಿ. ಕೆಲಸ ಸುಸೂತ್ರವಾಯಿತೆಂಬ ನೆಮ್ಮದಿ ಇಬ್ಬರಿಗೂ.

ಒಳಗೆ ಬಂದ ಮಗನನ್ನು ಅಜ್ಜಿ ಹಿಡಿದಳು. “ಏನ್ ಕೇಳಿದ್ಲು?”

“ಏನೋ ಕೇಳಿದ್ಲಮ್ಮ. ಆ ಪಂಪಿನ ಗಲಾಟೇಲಿ ಏನೂ ಹತ್ಲಿಲ್ಲ.”

ಅವನು ಪಾನಾ ತೆಗೆದುಕೊಂಡು ಕೆಳಗಿಳಿದ. ಹೆಂಡತಿ ಹಣೆ ಚಚ್ಚಿಕೊಂಡಳು, ಅದೂ ಎಡಗೈಯಲ್ಲಿ.

*

ತಿಂಗಳು ಮುಗಿಯಲು ನಾಲ್ಕು ದಿನವಿತ್ತು. ಸಂಜೆ ಹೆಂಡತಿ ಬಂದವಳು ಚಪ್ಪಲಿಯನ್ನೂ ಬಿಡದೆ ಹೇಳಿದಳು: “ಮಾಲೀಕರು ಬೇರೆ ಒಬ್ಬನ್ನ ಕರೆಸಿದ್ರು. ಒಂಬತ್ತು ಸಾವಿರಕ್ಕೇ ಬರ್ತೀನಿ ಅಂದ. ಹಿಂಡೋ ಮಿಷನ್ ತೋರಿಸಿದ್ರೆ, ಇದ್ರೊಳಗೆ ಬಟ್ಟೆ ಯಾವ ಕಡೆಯಿಂದ ಹಾಕ್ತಾರೆ ಅಂತ ಕೇಳ್ದ.”

“ಅಂಥವನ್ನ ಇಟ್ಕೋತಾರಾ?” ಫಿಟ್ಟರನಿಗೆ ನಿಜವಾಗಿಯೂ ನೋವಾಯಿತು.

“ಬುದ್ಧಿವಂತರು ಮನೇಲಿ ಕುಂಬಳಕಾಯಿ ಕಾಯ್ತಾ ಕೂತ್ರೆ ಇನ್ಯಾರನ್ನ ಇಟ್ಕೋತಾರೆ? ಅಷ್ಟರಲ್ಲಿ ನೀವು ಬರದಿದ್ರೆ ಒಂದನೇ ತಾರೀಖಿಗೆ ಅವನೇ ಬರ್ತಾನಂತೆ. ನಾನೂ ಹೇಳಿಬಿಡ್ತೀನಿ, ಈ ಕೈಯಲ್ಲಿ ಇನ್ನು ಆಗಲ್ಲ ಅಂತ. ಆಮೇಲೆ ನೀವು ಊ, ನಾನು ಸೊನ್ನೆ. ಅತ್ತೆ ಹೇಳಿದ್ರಲ್ಲ, ಊ ಅಂದ್ರೆ ಊಟ ಅಂತ. ಅದನ್ನೇ ಬಡಿಸ್ಕೊಳ್ಳಿ.”

ಅಜ್ಜಿ ಮಂಚದಿಂದ ಎದ್ದು ಬಿಸಿನೀರಿಟ್ಟಳು. ಬಟ್ಟೆ ಅದ್ದಿ ಹಿಂಡಿ ಸೊಸೆಯ ಭುಜಕ್ಕಿಟ್ಟಳು. “ಎಷ್ಟು ಗಂಟುಕಟ್ಟಿದೆಯಲ್ಲೇ!” ಎಂದು ಬೈದಳು. ಬೈದದ್ದು ಯಾರನ್ನೆಂದು ತಿಳಿಯಲಿಲ್ಲ. ಅಂತೂ ಮಾತು ಬಿಟ್ಟಿದ್ದು ಮುಗಿಯಿತು.

ಮೂರನೆಯ ಮತ್ತು ಕೊನೆಯ ಸರ್ವೆ ಬಂದದ್ದು ತಿಂಗಳ ಕೊನೆಯ ಶುಕ್ರವಾರ. ಕೊನೆಯ ದಿನವೆಂದು ಹುಡುಗಿ ಗಡಿಬಿಡಿಯಲ್ಲಿದ್ದಳು. ಇನ್ನೂ ಆರು ಮನೆ ಬಾಕಿ. ಮನೆಯವರು ಊಟಕ್ಕೆ ಕೂತಿದ್ದರು. ಕಾರ್ಡನ್ನು ಮೇಜಿನ ಮೇಲಿಟ್ಟು, ಟ್ಯಾಬು ತೆರೆದು, ಅದು ತೋರಿಸಿದ್ದನ್ನು ಹಾಗೇ ಓದಿಬಿಟ್ಟಳು.

“ಸರ್, ಸಂಬಳದ ಪ್ರಶ್ನೆಗೆ ಮೊದಲ ಸಲ ‘ಊ’ ಅಂದಿದ್ರಿ, ಎರಡನೇ ಸಲ ‘ಆ’ ಅಂದಿದ್ರಿ. ವ್ಯತ್ಯಾಸ ಜಾಸ್ತಿ ಇದೆ, ಖಚಿತ ಮಾಡ್ಕೊಳ್ಳಿ ಅಂತ ಬರ್ತಾ ಇದೆ.” ಓದಿ ಮುಗಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಎಲ್ಲರೂ ಅಲ್ಲೇ ಇದ್ದರು.

“ಆ ಅಂದರೆ ಎಷ್ಟು?” ಹೆಂಡತಿ ಕೇಳಿದಳು.

“ಅದು ನಾನು ಹೇಳೋ ಹಾಗಿಲ್ಲ ಮೇಡಂ.”

ಮಗಳಿಗೆ ಹಾಗೇನೂ ಇರಲಿಲ್ಲ. ಕಾರ್ಡು ಎಳೆದುಕೊಂಡು ಓದಿದಳು: “ಆ, ಹತ್ತರಿಂದ ಹನ್ನೆರಡು ಸಾವಿರ. ಅಪ್ಪಾ! ಆ ಅಂದ್ರೆ ಆನೆ ಅಂತ ಓದಿದ್ದೆ ನಾನು. ಹನ್ನೊಂದು ಸಾವಿರದ ಆನೆ ಮನೇಲೇ ಇತ್ತಲ್ಲ!”

ಹೆಂಡತಿ ಗಂಡನನ್ನೇ ನೋಡಿದಳು. “ನನ್ನ ಮುಂದೆ ಊ, ಹೊರಗಿನವಳ ಮುಂದೆ ಆ? ಹದಿನೈದು ದಿನದ ಹಿಂದೆಯೇ ಒಪ್ಕೊಂಡು, ನನ್ನ ಕೈ ಹಿಂಗಾಗೋದನ್ನ ನೋಡ್ತಾ ಕೂತಿದ್ರಾ?”

ಫಿಟ್ಟರನ ಬಾಯಲ್ಲಿದ್ದ ತುತ್ತು ಒಳಗೂ ಹೋಗದೆ ಹೊರಗೂ ಬರದೆ ನಿಂತಿತು.

“ಅವನು ಹಾಗೆ ಹೇಳೇ ಇಲ್ಲ!” ಅಜ್ಜಿ ಮೇಜು ಕುಟ್ಟಿದಳು. “ಅವತ್ತೇ ಹೇಳ್ದ, ಪಂಪಿನ ಗಲಾಟೇಲಿ ಏನೂ ಹತ್ಲಿಲ್ಲ ಅಂತ. ಕೇಳಿಸ್ದೆ ‘ಆ?’ ಅಂದಿದ್ದಾನೆ, ಈ ತಾಯಿ ‘ಆ’ ಅಂತ ಬರ್ಕೊಂಡಿದ್ದಾಳೆ!”

ಮಗಳು ನಗಲು ಶುರುಮಾಡಿ, ತಾಯಿಯ ಮುಖ ನೋಡಿ ನಿಲ್ಲಿಸಿದಳು.

ಹುಡುಗಿಯ ಮುಖ ಬಿಳಿಚಿತು. “ಹೌದಾ ಸರ್? ತಪ್ಪಾಗಿದ್ರೆ ತಿದ್ದಬಹುದು. ಫಾರ್ಮು… ಫಾರ್ಮು ತಿರಸ್ಕಾರ ಆಗುತ್ತೆ, ಪರವಾಗಿಲ್ಲ. ಊ ಅಂತಾನೇ ಹಾಕಿ ಕಳಿಸ್ತೀನಿ.”

ಫಿಟ್ಟರನಿಗೆ ಬಾಗಿಲು ತೆರೆದೇ ಇತ್ತು. ಹೌದು, ಕೇಳಿಸಲಿಲ್ಲ ಅಂದರೆ ಮುಗಿಯಿತು. ಸತ್ಯವೂ ಅದೇ. ತಾಯಿ ಸಾಕ್ಷಿ ಹೇಳಲು ಸಿದ್ಧಳಿದ್ದಳು. ಅವನು ಬಾಯಲ್ಲಿದ್ದುದನ್ನು ನುಂಗಿ ನೀರು ಕುಡಿದ.

ಜಗಳಕ್ಕೂ ಹೆಂಡತಿಯಲ್ಲಿ ಶಕ್ತಿ ಉಳಿದಂತಿರಲಿಲ್ಲ. ಎಡಗೈಯಲ್ಲಿ ಸೌಟು ಹಿಡಿದು ಅತ್ತೆಗೆ ಬೇಳೆ ಬಡಿಸಹೋದಳು. ಸೌಟು ಓರೆಯಾಗಿ ಅರ್ಧ ತಟ್ಟೆಗೆ, ಅರ್ಧ ಮೇಜಿಗೆ ಬಿತ್ತು. “ಥೂ,” ಎಂದು ಸೆರಗಿನಿಂದ ಒರೆಸಿದಳು.

ಫಿಟ್ಟರ್ ಆ ಸೌಟನ್ನು ಅವಳ ಕೈಯಿಂದ ತೆಗೆದುಕೊಂಡ.

“ಇನ್ನೊಂದು ಸಲ ಕೇಳಮ್ಮ,” ಎಂದ ಹುಡುಗಿಗೆ.

ಹುಡುಗಿ ಈ ಸಲ ಕುರ್ಚಿಯಿಂದ ಎದ್ದು, ಅವನ ಕಿವಿಯ ಬಳಿ ಬಂದು, ಬೀದಿಗೆಲ್ಲ ಕೇಳುವಂತೆ ಕೂಗಿದಳು: “ಕನಿಷ್ಠ ಎಷ್ಟು ಸಂಬಳಕ್ಕೆ ನೀವು ಕೆಲಸಕ್ಕೆ ಒಪ್ಪುತ್ತೀರಿ ಸರ್?”

“ಆ.”

ಹುಡುಗಿಯ ಬೆರಳು ಟ್ಯಾಬಿನ ಮೇಲೆ ಗಾಳಿಯಲ್ಲೇ ನಿಂತಿತು. “ಪ್ರಶ್ನೆನಾ ಸರ್, ಉತ್ತರಾನಾ?”

“ಉತ್ತರ ಕಣಮ್ಮ. ಅಷ್ಟು ಕೂಗಬೇಡ, ನಾನೇನು ಕಿವುಡನಲ್ಲ.”

ಟಿಂಗ್. ಹುಡುಗಿ ಕಾರ್ಡು, ಕೊಡೆ ಎಲ್ಲ ಬಾಚಿಕೊಂಡು, ಇವರು ಮನಸ್ಸು ಬದಲಿಸುವ ಮೊದಲೇ ಮೆಟ್ಟಿಲು ಇಳಿದಳು.

ಫಿಟ್ಟರ್ ಬಡಿಸಿದ. ಬೇಳೆ ಕೂಡ ಬೋಲ್ಟು ಬಿಗಿಯುವಷ್ಟು ಎಚ್ಚರದಿಂದ, ಒಂದೊಂದು ತಟ್ಟೆಗೂ ಒಂದೇ ಅಳತೆ. “ಮಿಷನ್ ತಿರುಗುವಾಗ ಎಂಥ ಸದ್ದು ಮಾಡ್ತಿತ್ತು, ನಿಲ್ಲೋಕೆ ಮುಂಚೆ?” ಎಂದು ಹೆಂಡತಿಯನ್ನು ಕೇಳಿದ.

“ನನಗೇನ್ ಗೊತ್ತು ರೀ. ಗುರ್ರ್… ಟಕ್ ಟಕ್… ಆಮೇಲೆ ಗುರ್ರ್.”

“ಟಕ್ ಮೊದಲಾ, ಗುರ್ರ್ ಮೊದಲಾ?”

“ಅಯ್ಯೋ, ನಾಳೆ ಬಂದು ನೀವೇ ಕೇಳ್ಕೊಳ್ಳಿ!”

ಅಜ್ಜಿಯದು ಸೋತ ಮುಖವಲ್ಲ, ಲೆಕ್ಕ ಹಾಕುವ ಮುಖ. ತಟ್ಟೆಯನ್ನು ಮುಂದೆ ತಳ್ಳಿದಳು.

“ಹೋಗೋನು ಹೋಗು. ಆದ್ರೆ ಆ ಅಂದ್ರೆ ಹತ್ತರಿಂದ ಹನ್ನೆರಡು ಅಂತ ಬರೆದಿತ್ತು ತಾನೇ? ಮಾಲೀಕ ಹನ್ನೊಂದು ಅಂದ ಅಂತ ನೀನು ಯಾಕೆ ಹನ್ನೊಂದರಲ್ಲೇ ನಿಲ್ತೀಯ? ಒಂಬತ್ತರವನಿಗೆ ಮಿಷನ್ನಿನ ಬಾಯಿ ಯಾವ ಕಡೆ ಅಂತ ಗೊತ್ತಿಲ್ಲ. ನೆಟ್ಟಗೆ ನಿಂತು ಹನ್ನೆರಡು ಕೇಳು.”

“ಆ?” ಎಂದ ಫಿಟ್ಟರ್.

ಅತ್ತೆ, ಸೊಸೆ, ಮೊಮ್ಮಗಳು ಮೂವರೂ ಒಟ್ಟಿಗೇ ಕೂಗಿದರು:

“ಹನ್ನೆರಡು!”